ತುಳಿದ ಕಬ್ಬಿಣ

ಶನಿವಾರ, ಮಧ್ಯಾಹ್ನ

ಅಪ್ಪಾ,

ಮಾರೇಡ್‌ಪಲ್ಲಿಯ ಮನೆಯಿಂದ ನಿನ್ನ ಭಾಗ್ಯಾ ಬರೆಯುತ್ತಿದ್ದೇನೆ.

ಇದನ್ನು ಬಾಯಲ್ಲಿ ಹೇಳಲು ಆಗುವುದಿಲ್ಲ. ನಿನಗೆ ಕೇಳಿಸಬೇಕೆಂದರೆ ಕೂಗಬೇಕು. ಸನತ್‌ನಗರದ ನಮ್ಮ ಸಾಲಿನಲ್ಲಿ ಕೂಗಿದರೆ ತಗಡಿನ ಗೋಡೆಯ ಆ ಕಡೆ ಗುಂಡಮ್ಮ ಅತ್ತೆಗೂ ಕೇಳಿಸುತ್ತದೆ. ಈ ಮಾತು ಅತ್ತೆಗೆ ಕೇಳಿಸಲೇಬೇಕು, ಆದರೆ ನನ್ನ ಬಾಯಿಂದ ಅಲ್ಲ. ಅದಕ್ಕೇ ಕಾಗದ. ನೀನು ಬೆರಳಿಟ್ಟು ಓದುವವನೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಏನು ಬರೆದಿದ್ದಾಳೆ ಎಂದು ಅವ್ವ ಕೇಳಿದರೆ, ಊಟ ಚೆನ್ನಾಗಿದೆಯಂತೆ ಎಂದುಬಿಡು. ಒಬ್ಬನೇ ಕೂತು ಓದು.

ನನಗೆ ಹೆದರಿಕೆಯಾಗಿದೆ. ನಿನ್ನೆ ಈ ಮನೆಯ ಅಂಗಳದಲ್ಲಿ ನಿಂತು ನೀನು ಪರಮೇಶ ಮಾಮನ ವಿಷಯ ಹೇಳಿದೆ. ನಿನ್ನ ದನಿ ನಿನಗೆ ಕೇಳಿಸುವುದಿಲ್ಲ, ಹಾಗಾಗಿ ಎಷ್ಟು ಜೋರಾಗಿ ಹೇಳಿದೆಯೆಂದು ನಿನಗೆ ಗೊತ್ತಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಗಿರಿಜಾಬಾಯಿ ನಿಂತಿದ್ದರು. ಇಲ್ಲಿ ಅಡುಗೆ ಮಾಡುವವರು, ಬೀದರಿನವರು, ನಿನಗೆ ಚಹಾ ಕೊಟ್ಟವರು. ಸೋಮವಾರ ಸಂಜೆ ಅವರು ತಪ್ಪದೆ ಭಜನೆಗೆ ಹೋಗುತ್ತಾರೆ. ಯಾವ ಗುಡಿಯೆಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ನಮ್ಮ ಸಾಲಿನ ಹಿಂದಿರುವ ಬಸವಣ್ಣನ ಗುಡಿ. “ನಿಮ್ಮ ಮಗ್ಗಲ ಮನಿ ಗುಂಡಮ್ಮ ನಮ್ಮ ಜೋಡೀನೇ ಕುಂದರ್ತಾಳ ತಗೋ” ಅಂದರು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಗಿರಿಜಾಬಾಯಿ ಕೆಟ್ಟವರಲ್ಲ. ಆದರೆ ಇಂಥ ಮಾತನ್ನು ಯಾರ ಹೊಟ್ಟೆಯೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ.

ಇದನ್ನು ಬರೆಯುತ್ತಿರುವಾಗ ಮುಂದಿನ ಬಾಲ್ಕನಿಯಲ್ಲಿ ಸುತ್ತಿಗೆಯ ಸದ್ದು. ಬೆಳಿಗ್ಗೆಯೇ ವಿಶಾಲಾಕ್ಷಮ್ಮ ಒಬ್ಬ ಇಂಜಿನಿಯರನ್ನು ಕರೆಸಿದರು. ಕೆಳಗೆ ಕಂಬ ಕೊಟ್ಟು, ಗೋಡೆಯ ಪಕ್ಕ ಒಂದು ಗೇಣು ಅಗಲ ಒಡೆದು ನೋಡುತ್ತಿದ್ದಾರೆ. ಒಳಗಿನ ಕಬ್ಬಿಣ ಮೇಲಿದ್ದರೆ, ಬಾಲ್ಕನಿ ಅಪಾಯವೆಂದ ನಿನ್ನ ಮಾತು ಸುಳ್ಳಾಯಿತು. ಇಪ್ಪತ್ತಾರು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನು ಗುರುತಿಲ್ಲದವರ ಮುಂದೆ ಸುಮ್ಮನೆ ಚೆಲ್ಲಿದಂತಾಯಿತು. ಕೆಳಗಿದ್ದರೆ ಏನೆಂದು ಇನ್ನೂ ಯೋಚಿಸಲಾರೆ. ಒಂದೊಂದು ಏಟಿಗೂ ಪೆನ್ನು ನಿಲ್ಲುತ್ತಿದೆ.

ನಾನಿಲ್ಲಿಗೆ ಹೊರಟಾಗ ನೀನು ಅಂದದ್ದು ನೆನಪಿದೆ. “ಬರೇ ಕುಂತು ಬರ್ಯಾಕ ಖೋಲಿ ಕೊಡ್ತಾರ? ಊಟಾನೂ ಹಾಕ್ತಾರ? ಚಂದಾಗಿ ಕೇಳ್ಕೊ ಯವ್ವಾ, ಏನರ ಮೋಸ ಇದ್ದೀತು.” ಮೋಸ ಇರಲಿಲ್ಲ ಅಪ್ಪಾ. ತೀರಿಕೊಂಡ ಗಂಡ ಹನುಮಂತರಾಯರ ಹೆಸರಿನಲ್ಲಿ ವಿಶಾಲಾಕ್ಷಮ್ಮ ಒಂದು ಟ್ರಸ್ಟ್ ಮಾಡಿದ್ದಾರೆ. ಬರೆಯುವವರನ್ನು, ಚಿತ್ರ ಬಿಡಿಸುವವರನ್ನು, ಹಾಡಿಗೆ ಸ್ವರ ಕೂಡಿಸುವವರನ್ನು ಹತ್ತು ವರ್ಷದಿಂದ ತಮ್ಮ ಮನೆಯಲ್ಲೇ ನಲವತ್ತೈದು ದಿನ ಇಟ್ಟುಕೊಳ್ಳುತ್ತಾರೆ. ಈ ಸಲ ನಾವು ಮೂವರು: ಸಂಗೀತದ ಶ್ರೀಹರ್ಷ, ಚಿತ್ರ ಬಿಡಿಸುವ ಲಹರಿ, ಮತ್ತು ನಾನು. ಮೊದಲ ದಿನವೇ ವಿಶಾಲಾಕ್ಷಮ್ಮ ಧಾರವಾಡದ ದನಿಯಲ್ಲಿ ಹೇಳಿದರು: “ಏನ್ ಬರದಿ ಅಂತ ಇಲ್ಲಿ ಯಾರೂ ಕೇಳಂಗಿಲ್ಲ ತಂಗಿ. ಬರೀಲಿಲ್ಲಂದ್ರೂ ಊಟ ತಪ್ಪಂಗಿಲ್ಲ.”

ಇಲ್ಲೊಂದು ನಿಯಮವಿದೆ. ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿ ಯಾರೂ ಯಾರನ್ನೂ ಮಾತಾಡಿಸುವಂತಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನು ಗಿರಿಜಾಬಾಯಿ ಬಾಗಿಲ ಹೊರಗಿಟ್ಟು ಹೋಗುತ್ತಾರೆ. ನನಗೆ ಆ ಮೌನ ಹಬ್ಬದಂತಿತ್ತು. ನಾನು ಎಲ್ಲಿ ಹೋದರೂ ಗೋಡೆಗೆ ಅಂಟಿಕೊಂಡು ನಡೆಯುವವಳು ಎಂದು ನಿನಗೆ ಗೊತ್ತಲ್ಲ. ಇಲ್ಲಿ ಮಾತಾಡದಿರುವುದೇ ಶಿಸ್ತು.

ನಾಲ್ಕರ ನಂತರ ಮಾತಾಡಲೇಬೇಕಿತ್ತು. ಮೊದಲ ಸಂಜೆ ಚಹಾದ ಹೊತ್ತಿಗೆ ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಲಹರಿ ಕೇಳಿದಳು. ಕಟ್ಟಡದ ಲೈನಿನಲ್ಲಿದ್ದಾರೆ ಎಂದೆ. “ಓ, ಬಿಲ್ಡರ್ರಾ?” ಅಂದಳು. ನಾನು ನಕ್ಕೆ. ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮರುದಿನದಿಂದ ನಾನು ಬಿಲ್ಡರ್ ಮಗಳಾದೆ. ನೀನು ನಿನ್ನೆ ಬರುವವರೆಗೂ ಹಾಗೇ ಇದ್ದೆ. ಮೊದಲು ಇದಕ್ಕೆ ಕ್ಷಮಿಸು.

ಬಾಲ್ಕನಿಯ ವಿಷಯವನ್ನು ನನಗೆ ತಿಳಿಸಿದವರು ಗಿರಿಜಾಬಾಯಿ, ಅವರಿಗೇ ಗೊತ್ತಿಲ್ಲದೆ. ಟ್ರಸ್ಟಿನ ಹತ್ತನೆಯ ವರ್ಷವೆಂದು ಈ ಬೇಸಿಗೆಯಲ್ಲಿ ಅದಕ್ಕೆ ದಪ್ಪನೆಯ ಹೊಸ ಫರಸಿ ಹಾಸಿ, ಅಂಚಿನ ಉದ್ದಕ್ಕೂ ಮಣ್ಣಿನ ಕುಂಡ ಇಟ್ಟಿದ್ದಾರೆ. ನೆಲ ಒರೆಸುತ್ತ ಅವರು ಗೊಣಗುತ್ತಿದ್ದರು: “ಮದಲ ನೀರೆಲ್ಲ ಗ್ವಾಡಿ ಕಡಿ ಮೋರಿಗಿ ಬರ್ತಿದ್ವು. ಈಗ ಅಂಚಿಗಿ ಓಡ್ತಾವ. ಫರಸಿ ಹಾಕಿದವ ಕುಡದ ಬಂದಿದ್ನೋ ಏನೋ!” ನಾನು ನಗಲಿಲ್ಲ. ಬಗ್ಗಿ ನೋಡಿದೆ. ಗೋಡೆಗೂ ಬಾಲ್ಕನಿಗೂ ಕೂಡುವ ಕಡೆ, ಫರಸಿಯ ಸಂದಿನಲ್ಲಿ, ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟು ಬಿರುಕು.

ನಿನ್ನ ಮಾತು ಕಿವಿಯಲ್ಲಿ ಬಂತು. ನಾನು ಚಿಕ್ಕವಳಿದ್ದಾಗಿನಿಂದ ಸಾವಿರ ಸಲ ಹೇಳಿದ್ದೀಯ: “ಮನಿ ಒಳಗಿನ ಸ್ಲ್ಯಾಬಿಗಿ ಕಬ್ಬಣ ಕೆಳಗ ಇರಬೇಕು. ಹೊರಗ ಚಾಚಿದ್ದಕ್ಕ ಮ್ಯಾಲ ಇರಬೇಕು. ಮ್ಯಾಲಿನ ಕಬ್ಬಣನ ಅದನ್ನ ಜಗ್ಗಿ ಹಿಡದಿರ್ತೈತಿ.” ಬೇರೆ ಅಪ್ಪಂದಿರು ಮಕ್ಕಳಿಗೆ ಕತೆ ಹೇಳುತ್ತಿದ್ದರು, ನೀನು ಇದನ್ನು ಹೇಳುತ್ತಿದ್ದೆ. ಎಂ.ಎ.ಗೆ ಸೇರಿದಾಗ ಹಾಸ್ಟೆಲಿನಲ್ಲಿ ಬಾಲ್ಕನಿ ಇಲ್ಲದ ಕೋಣೆ ಬೇಕೆಂದು ನೀನು ಹಟ ಹಿಡಿದೆ. ವಾರ್ಡನ್ ನಕ್ಕರು. ನಾಚಿಕೆಯಿಂದ ನಾನು ನಿನ್ನಿಂದ ಎರಡು ಹೆಜ್ಜೆ ದೂರ ನಿಂತಿದ್ದೆ. ಯಾಕೆ ಹಾಗೆ ಕೇಳುತ್ತೀಯೆಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

“ಬಿರುಕಿಗಿ ಬಾಯಿಲ್ಲ, ಚೀಟಿ ಹಚ್ಚು, ಅದು ಹೇಳ್ತೈತಿ” ಎಂದೂ ಕಲಿಸಿದ್ದೆ. ಅಡುಗೆಮನೆಯಿಂದ ಗಂಜಿ ತಂದು, ಬರೆಯಲೆಂದು ಟ್ರಸ್ಟ್ ಕೊಟ್ಟ ಕಾಗದದಲ್ಲೇ ಒಂದು ಪಟ್ಟಿ ಹರಿದು, ಕುಂಡದ ಮರೆಯಲ್ಲಿ ಬಿರುಕಿಗೆ ಅಡ್ಡ ಅಂಟಿಸಿದೆ. ತಾರೀಕು ಬರೆದೆ. ಒಂಬತ್ತನೆಯ ದಿನ ಅದು ನಡುವೆ ಸೀಳಿತ್ತು. ಎರಡನೆಯದು ಆರೇ ದಿನಕ್ಕೆ. ಮೂರನೆಯದು ಮೂರು ದಿನ.

ಆದರೂ ನಾನು ಬಾಯಿ ಬಿಡಲಿಲ್ಲ. ಇದನ್ನು ನಿನಗೆ ಹೇಳಲೇಬೇಕು, ಯಾಕೆಂದರೆ ನಿನ್ನೆ ನಾನು ಧೈರ್ಯವಂತೆ ಎಂದುಕೊಂಡು ನೀನು ನನ್ನ ತಲೆ ಸವರಿ ಹೋದೆ. ಹತ್ತೊಂಬತ್ತು ದಿನ ಸುಮ್ಮನಿದ್ದೆ ಅಪ್ಪಾ. ಆ ಬಾಲ್ಕನಿ ಹನುಮಂತರಾಯರು ಎದುರು ನಿಂತು ಕಟ್ಟಿಸಿದ್ದು. ಅವರ ಬೆತ್ತದ ಕುರ್ಚಿ ಇನ್ನೂ ಅಲ್ಲೇ ಇದೆ. ಉಂಡ ಮನೆಯ ಬಾಲ್ಕನಿ ಬೀಳುತ್ತದೆ ಎನ್ನಲು ನಾನು ಯಾರು? ಹೇಗೆ ಗೊತ್ತು ಎಂದರೆ ಏನು ಹೇಳಲಿ? ಬಿಲ್ಡರ್ ಮಗಳು ಸುಳ್ಳಾಗುತ್ತಾಳೆ. ಹೀಗೆ ದಿನ ತಳ್ಳಿದೆ. ಸಂಜೆ ಐದಕ್ಕೆ ವಿಶಾಲಾಕ್ಷಮ್ಮ ಚಹಾ ಹಿಡಿದು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಎದ್ದು ಕುರ್ಚಿ ಸರಿಸಿದ ಸದ್ದು ಕೇಳುವವರೆಗೆ ನಾನು ನನ್ನ ಕೋಣೆಯಲ್ಲಿ ಮುಷ್ಟಿ ಬಿಗಿಹಿಡಿದು ಕೂತಿರುತ್ತಿದ್ದೆ. ಹೇಗೆ ಹೇಳಬೇಕೆಂದು ಪುಸ್ತಕದಲ್ಲಿ ಬರೆದು ನೋಡಿಕೊಂಡೆ. “ಅಮ್ಮಾ, ತಪ್ಪು ತಿಳಿಯಬೇಡಿ” ಎಂದು ಶುರುವಾಗುವ ಏಳು ವಾಕ್ಯಗಳಿವೆ. ಈ ಮನೆಯಲ್ಲಿ ನಾನು ಈತನಕ ಬರೆದದ್ದು ಅಷ್ಟೇ.

ನಿನ್ನೆ ನಡೆದ ಟ್ರಸ್ಟಿನ ಹತ್ತನೆಯ ವರ್ಷದ ಕಾರ್ಯಕ್ರಮಕ್ಕೆ ಶ್ರೀಹರ್ಷ ಒಂದು ಹಾಡು ಸಿದ್ಧಮಾಡಿದ್ದರು. ಹನ್ನೆರಡು ಮಂದಿ ಬಾಲ್ಕನಿಯಲ್ಲಿ ಸಾಲಾಗಿ ನಿಂತು, ಕಾಲಿನಿಂದ ನೆಲ ಬಡಿಯುತ್ತ ಹಾಡಬೇಕು. ಕೇಳುವವರು ಕೆಳಗೆ. ಗುರುವಾರ ಸಂಜೆ ನಾಲ್ಕೇ ಜನ ಅಭ್ಯಾಸ ಮಾಡಿದರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ, ಅವರ ಒಂದೊಂದು ಹೆಜ್ಜೆಯೂ ನನ್ನ ಭುಜದಲ್ಲಿ ಬಡಿಯಿತು. ಅವರು ಹೋದ ಮೇಲೆ ನೋಡಿದೆ. ಅಂದು ಬೆಳಿಗ್ಗೆ ಅಂಟಿಸಿದ ನಾಲ್ಕನೆಯ ಪಟ್ಟಿ ಎರಡು ತುಂಡಾಗಿತ್ತು.

ಶುಕ್ರವಾರ ಹನ್ನೊಂದಕ್ಕೆ ಕುರ್ಚಿ ಹಾಕುತ್ತಿದ್ದರು. ವಯಸ್ಸಾದವರಿಗೆ ಬಿಸಿಲು ತಾಗಬಾರದೆಂದು ವಿಶಾಲಾಕ್ಷಮ್ಮ ಮೊದಲ ಎರಡು ಸಾಲನ್ನು ಸರಿಯಾಗಿ ಬಾಲ್ಕನಿಯ ನೆರಳಿಗೆ ಎಳೆಸಿದರು, ಕೈಸನ್ನೆಯಲ್ಲೇ, ಯಾಕೆಂದರೆ ಇನ್ನೂ ಮೌನದ ಹೊತ್ತು. ನನ್ನ ಏಳು ವಾಕ್ಯದಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಬೀಳ್ತೈತ್ರಿ” ಅಂದೆ. ಅಷ್ಟೇ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ಹರಿದ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ತೋರಿಸಿದೆ.

“ನಿನಗ ಯಾರು ಹೇಳಿದ್ರು?” ಎಂದರು ವಿಶಾಲಾಕ್ಷಮ್ಮ.

“ನಮ್ಮಪ್ಪ.”

“ಬಿಲ್ಡರ್ ಅಲ್ಲಾ ಅವರು? ಕರಸು ಹಂಗಾರ.”

“ಬಿಲ್ಡರ್ ಅಲ್ರಿ. ಸೆಂಟ್ರಿಂಗ್ ಕೆಲಸದವರು, ಸ್ಲ್ಯಾಬಿಗಿ ಕಂಬ ಹಲಗಿ ಕಟ್ಟಾವ್ರು.”

ಲಹರಿ ತಲೆ ತಗ್ಗಿಸಿದಳು. ನಾನು ಪಡಬೇಕಾದ ನಾಚಿಕೆಯನ್ನು ಅವಳು ಪಟ್ಟಳು. ಅವ್ವನಿಗೆ ಫೋನ್ ಮಾಡಿದೆ, ಅವ್ವ ನಿನಗೆ ಕೂಗಿ ಹೇಳಿದಳು, ನೀನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದೆ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟೆ.

ಆಮೇಲೆ ನಡೆದದ್ದರಲ್ಲಿ ನಿನಗೆ ಕೇಳಿಸಿದ್ದು ಅರ್ಧವೂ ಇರಲಾರದು. ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ. ನೀನು ಬಾಲ್ಕನಿಗೆ ಕಾಲಿಡಲಿಲ್ಲ. ಒಳಗಿನ ನೆಲದಲ್ಲೇ ಮಂಡಿಯೂರಿ, ಕೈ ಮಾತ್ರ ಹೊರಗೆ ಚಾಚಿ, ಅಂಗೈಯನ್ನು ಬಿರುಕಿನ ಮೇಲಿಟ್ಟೆ. ಗಿರಿಜಾಬಾಯಿಗೆ ಕುಟ್ಟಾಣಿಯಿಂದ ನೆಲ ಬಡಿಯಲು ಹೇಳಿದೆ. ಕೇಳಿಸಿಕೊಳ್ಳುವವನಂತೆ ಕಣ್ಣು ಮುಚ್ಚಿದೆ. ಆಗ ಗಿರಿಜಾಬಾಯಿ ನನ್ನ ಕಿವಿಯಲ್ಲಿ, “ಡಾಕ್ಟರ್ ನಾಡಿ ನೋಡಿದಂಗ ನೋಡ್ತಾನಲ್ಲವಾ ನಿಮ್ಮಪ್ಪ” ಅಂದರು. ನೀನು ಎದ್ದು ಅಂಗಳಕ್ಕೆ ಇಳಿದು ಬಂದೆ. ಯಾರ ಮುಖವನ್ನೂ ನೋಡದೆ, ನೆಲ ನೋಡುತ್ತ, “ಯಾರನ್ನೂ ಹತ್ತಸಬ್ಯಾಡ್ರಿ, ಕೆಳಗೂ ಕುಂದರಸಬ್ಯಾಡ್ರಿ” ಅಂದೆ.

ಶ್ರೀಹರ್ಷ ಕೆಟ್ಟ ಮನುಷ್ಯನಲ್ಲ. ಒಂದು ತಿಂಗಳ ಕೆಲಸ ಕೈಬಿಟ್ಟು ಹೋಗುವ ಸಂಕಟ ಅವರದು. “ಮೂವತ್ತೆಂಟು ವರ್ಷ ನಿಂತಿದೆಯಲ್ಲ ಯಜಮಾನ್ರೇ, ಇನ್ನೊಂದು ಗಂಟೆ ನಿಲ್ಲೋದಿಲ್ವಾ?” ಅಂದರು. ನಾನು ನಿನ್ನ ಕಿವಿಯಲ್ಲಿ ಕೂಗಿದೆ. ನೀನಂದೆ: “ನಿಂದ್ರಬಹುದ್ರಿ. ಬೀಳೂತನಕ ಎಲ್ಲಾನೂ ನಿಂತ ಇರ್ತೈತ್ರಿ.”

ವಿಶಾಲಾಕ್ಷಮ್ಮನ ಮುಖ ಬಿಗಿಯಾಯಿತು. “ಇದನ್ನ ನಮ್ಮವರು ತಾವ ನಿಂತು ಹಾಕಿಸ್ಯಾರ. ಅವರೂ ಇಂಜಿನಿಯರ್ ಇದ್ರು” ಅಂದರು. ಅದನ್ನೂ ಕೂಗಿದೆ.

“ಸಾಹೇಬ್ರು ಮ್ಯಾಲ ನಿಂತಿದ್ರೇನ್ರಿ, ಕೆಳಗ ನಿಂತಿದ್ರೇನ್ರಿ?”

“ಕೆಳಗ. ಇಲ್ಲೇ, ಕುರ್ಚಿ ಹಾಕ್ಕೊಂಡು.”

“ಕಬ್ಬಣ ತುಳ್ಯೂದು ಮ್ಯಾಲ್ರಿ ಅಮ್ಮಾರ.”

ಯಾರು ತುಳಿಯುತ್ತಾರೆ, ಯಾಕೆ ತುಳಿಯುತ್ತಾರೆ ಎಂದು ಅವರು ಕೇಳಿದರು. ನಾನು ಅದನ್ನು ನಿನಗೆ ಕೂಗುವ ಮೊದಲೇ, ಅವರ ತುಟಿ ನೋಡಿಯೋ ಏನೋ, ನೀನು ಹೇಳತೊಡಗಿದ್ದೆ. “ನಾ ತುಳ್ದೀನ್ರಿ.” ಅಮೀರ್‌ಪೇಟೆಯಲ್ಲೊಂದು ಹಾಸ್ಟೆಲ್ ಕಟ್ಟಡ, ಮೂರನೆಯ ಮಹಡಿಯ ಬಾಲ್ಕನಿ, ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ. ಕಾಲ ಕೆಳಗೆ ಕಬ್ಬಿಣ ಕುಸಿದದ್ದು ನಿನಗೆ ಗೊತ್ತಾಯಿತು. ಎತ್ತಿ ಕೂರಿಸಬೇಕೆಂದರೆ ಮಿಕ್ಸರ್ ನಿಲ್ಲಿಸಬೇಕು. ನಿಲ್ಲಿಸಿದರೆ ಮೇಸ್ತ್ರಿ ಬೈದು ಕೆಲಸದಿಂದ ಅಟ್ಟುತ್ತಾನೆ. “ಅಂಜಿ ಸುಮ್ಮಕಾದ್ನಿರಿ. ಮ್ಯಾಲ ಕಾಂಕ್ರೀಟ್ ಮಾಲು ಬಿತ್ತು, ಮುಚ್ಚಿ ಹೋತು.” ಇಪ್ಪತ್ತು ದಿನದ ಮೇಲೆ ಕಂಬ ಬಿಚ್ಚುವಾಗ ಬಾಲ್ಕನಿ ಕಳಚಿ ಬಿತ್ತು. ಕೆಳಗೆ ಕೊನೆಯ ಕಂಬ ಹಿಡಿದಿದ್ದವನು ಪರಮೇಶ. “ನಮ್ಮೂರಾವ್ರಿ. ನನ್ನ ಗೆಳ್ಯಾರಿ. ನಾನ ಅವನ್ನ ಕೆಲಸಕ್ಕ ಕರಕೊಂಬಂದಿದ್ನಿರಿ.”

ಅಪ್ಪಾ, ಪರಮೇಶ ಮಾಮ ಕಾಲು ಜಾರಿ ಬಿದ್ದು ಸತ್ತನೆಂದು ನಾನು ಕೇಳುತ್ತ ಬೆಳೆದವಳು. ಅವನ ಹೆಂಡತಿ ಗುಂಡಮ್ಮ ಅತ್ತೆಯೂ ಹಾಗೇ ತಿಳಿದಿದ್ದಾಳೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಗಿಂತ ಮೊದಲು ನೀನು ಅವಳ ತಗಡು ಬಿಗಿಯುವುದು, ಅವಳು ನಿನ್ನನ್ನು ಅಣ್ಣಾ ಎಂದಾಗ ನೀನು ಕೇಳಿಸದವನಂತೆ ಎದ್ದು ಹೋಗುವುದು, ಎಲ್ಲವನ್ನೂ ನಾನು ನೋಡಿದ್ದೆ. ನೋಡುವುದರಲ್ಲಿ ನಾನು ಗಟ್ಟಿ ಎಂದು ಎಲ್ಲರೂ ಹೇಳುತ್ತಾರೆ. ಅರ್ಥ ಮಾಡಿಕೊಂಡಿರಲಿಲ್ಲ.

ನೀನು ಹೇಳಿ ಮುಗಿಸಿದಾಗ ವಿಶಾಲಾಕ್ಷಮ್ಮ ಒಂದೇ ಪ್ರಶ್ನೆ ಕೇಳಿದರು, ಇದು ನಿಜವಾಗಿ ಬೀಳುತ್ತದೆಯೇ ಎಂದು. ನೀನಂದೆ: “ಗೊತ್ತಿಲ್ರಿ. ಆದ್ರ ನನ್ನ ಮಗಳ್ನ ನಾ ಅಲ್ಲಿ ನಿಂದ್ರಸಂಗಿಲ್ರಿ.” ಅವರು ತಾವೇ ಬಗ್ಗಿ ಒಂದು ಕುರ್ಚಿ ಎತ್ತಿಕೊಂಡು ಬೇವಿನ ಮರದ ಕಡೆ ನಡೆದರು. ಉಳಿದವರು ಹಿಂದೆ ಹೋದರು. ಮುಟ್ಟಲು ನಿನಗೆ ಯಾರೂ ಹೇಳಲಿಲ್ಲ, ಆದರೂ ನೀನು ಎರಡೆರಡು ಕುರ್ಚಿ ಹೊತ್ತು ಹಾಕಿದೆ. ಕಾರ್ಯಕ್ರಮ ಶುರುವಾಗುವ ಮೊದಲೇ ಬಸ್ಸಿಗೆ ಹೊರಟೆ. ಹಾಡು ಮಣ್ಣಿನ ನೆಲದಲ್ಲೇ ಆಯಿತು. ಹನ್ನೆರಡು ಜನ ಕಾಲು ಬಡಿದರು, ಧೂಳೆದ್ದಿತು, ಜನ ಚಪ್ಪಾಳೆ ತಟ್ಟಿದರು. ನಾನು ಬಾಲ್ಕನಿಯನ್ನೇ ನೋಡುತ್ತಿದ್ದೆ. ಅದು ಬೀಳಲಿಲ್ಲ.

ಸುತ್ತಿಗೆ ನಿಂತಿದೆ. ಗಿರಿಜಾಬಾಯಿ ಬಾಗಿಲಿಗೆ ಬಂದು ಬಾ ಎಂದು ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ.

ಹೋಗಿ ಬಂದೆ.

ಕಬ್ಬಿಣ ಕೆಳಗಿದೆ ಅಪ್ಪಾ. ಮೇಲಿನಿಂದ ನಾಲ್ಕು ಬೆರಳು ಆಳ ಒಡೆದ ಮೇಲೆ ಸಿಕ್ಕಿತು. ತಳಕ್ಕೇ ಹತ್ತಿಕೊಂಡಿದೆ, ತುಕ್ಕು ಹಿಡಿದು ಬೆರಳಿಗೆ ಪುಡಿಪುಡಿಯಾಗಿ ಬರುತ್ತದೆ. ಇಂಜಿನಿಯರ್ ತೆಲುಗಿನಲ್ಲಿ ಏನೋ ಹೇಳುತ್ತ ಹಣೆ ಒರೆಸಿಕೊಂಡರು. ನಾಲ್ವರು ಕಾಲು ಬಡಿದಾಗಲೇ ಹೇಗೆ ನಿಂತಿತೋ ತಿಳಿಯದು ಎಂದರಂತೆ. ವಿಶಾಲಾಕ್ಷಮ್ಮ ಆ ಹಳ್ಳದೊಳಗೆ ಬಗ್ಗಿ ನೋಡಿದರು. ಆಮೇಲೆ, “ತುಳದಾವನೂ ಪಾಪ, ಯಾರಿಗೋ ಅಂಜಿರಬೇಕು” ಅಂದರು.

ನಿನ್ನ ಮಾತು ನಿಜವಾಯಿತು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಆ ತುಕ್ಕು ನೋಡಿದಾಗ ನನಗೆ ಹತ್ತೊಂಬತ್ತು ಸಂಜೆಗಳು ಕಂಡವು. ಹತ್ತೊಂಬತ್ತು ಸಲ ಅವರು ಚಹಾ ಕುಡಿದರು, ಹತ್ತೊಂಬತ್ತು ಸಲ ನಾನು ಸುಮ್ಮನಿದ್ದೆ. ನೀನು ಮೇಸ್ತ್ರಿಗೆ ಅಂಜಿದೆ, ನಾನು ನಾಚಿಕೆಗೆ ಅಂಜಿದೆ. ನಿನ್ನ ಬಾಲ್ಕನಿ ಬಿತ್ತು, ನನ್ನದು ಬೀಳಲಿಲ್ಲ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಇಷ್ಟೇ. ಹಾಗಾಗಿ ನಿನ್ನ ಮೇಲೆ ನನಗೆ ಸಿಟ್ಟಿದೆಯೆಂದು ತಿಳಿಯಬೇಡ. ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಅದು ಒಬ್ಬಳಿಗೆ ಮಾತ್ರ ಇದೆ, ಅವಳಿಗೆ ಇನ್ನೂ ವಿಷಯವೇ ಗೊತ್ತಿಲ್ಲ.

ಸೋಮವಾರ ಭಜನೆಯಲ್ಲಿ ಅವಳಿಗೆ ಇದು ಪರರ ಬಾಯಿಂದ ಗೊತ್ತಾಗಬಾರದು. ಗಿರಿಜಾಬಾಯಿಯ ಕೈಹಿಡಿದು ಏನೂ ಹೇಳಬೇಡಿ ಎನ್ನಬಹುದು. ಈಗಷ್ಟೇ ಅನ್ನಲು ಹೋದೆ. ಆದರೆ ಇನ್ನೊಬ್ಬರಿಗೆ ಸುಮ್ಮನಿರು ಎನ್ನಲು ನಾಲಿಗೆ ಏಳಲಿಲ್ಲ. ನೀನೇ ಹೇಳು ಅಪ್ಪಾ. ಗುರುತಿಲ್ಲದ ಜನರನ್ನು ಉಳಿಸಲು ಹೇಳಿದವನು ನೀನು.

ಟ್ರಸ್ಟಿನ ಡ್ರೈವರ್ ಕೇದಾರ ಇಂದೇ ಈ ಕಾಗದ ತಂದು ನಿನ್ನ ಕೈಗೇ ಕೊಡುತ್ತಾನೆ. ನಾಳೆ, ಭಾನುವಾರ, ಊಟದ ಹೊತ್ತಿಗೆ ನಾನು ಬರುತ್ತೇನೆ. ವಿಶಾಲಾಕ್ಷಮ್ಮನಿಗೆ ಕಾರಣ ಹೇಳಿಯೇ ಕೇಳಿದೆ, ಹೋಗಿ ಬಾ ಅಂದರು. ನೀನು ಅತ್ತೆಯ ಮನೆಗೆ ಹೋದರೆ ನಾನೂ ನಿನ್ನ ಜೊತೆ ಬಂದು ಪಕ್ಕದಲ್ಲಿ ಕೂರುತ್ತೇನೆ. ಕೂರಲೇಬೇಕು. ನೀನು ಹೇಳಿದ್ದು ಅವಳಿಗೆ ಕೇಳಿಸುತ್ತದೆ. ಅವಳು ತಿರುಗಿ ಏನನ್ನುತ್ತಾಳೋ ಅದು ನಿನಗೆ ಕೇಳಿಸುವುದಿಲ್ಲ. ಬೈಯಬಹುದು, ಶಾಪ ಹಾಕಬಹುದು, ಎದ್ದು ಹೋಗು ಎನ್ನಬಹುದು. ಇಪ್ಪತ್ತಾರು ವರ್ಷದ ಮೇಲೆ ಅವಳು ಆಡುವ ಮಾತನ್ನು ಮೊದಲು ಕೇಳಿಸಿಕೊಂಡು, ಆಮೇಲೆ ನಿನ್ನ ಕಿವಿಗೆ ಬಾಯಿಟ್ಟು ಕೂಗಬೇಕಾದವಳು ನಾನು. ನನ್ನನ್ನು ಎತ್ತಿ ಆಡಿಸಿದವಳ ಮಾತು, ನಿನ್ನ ಕಿವಿಗೆ, ನನ್ನ ದನಿಯಲ್ಲಿ.

ಆದರೂ ಕೂಗುತ್ತೇನೆ. ಒಂದು ಮಾತನ್ನೂ ಮೆದುವಾಗಿಸುವುದಿಲ್ಲ, ಒಂದನ್ನೂ ನುಂಗುವುದಿಲ್ಲ.

ಅಲ್ಲಿಯವರೆಗೆ ಬಸವಣ್ಣ ನಿನ್ನ ಎದೆ ಗಟ್ಟಿಯಾಗಿಡಲಿ, ನನ್ನದನ್ನೂ.

ಬಿಲ್ಡರ್ ಅಲ್ಲದ ಅಮರಯ್ಯನ ಮಗಳು,
ಭಾಗ್ಯಶ್ರೀ